ಕೀಟ್ಸ್ ಬರೀಲಿಲ್ವಾ ಅಂದವರಿಗೆ

ನಮಸ್ಕಾರ ಮೇಡಂ,

ಆರು ವರ್ಷದಿಂದ ಸಂಧಿವಾತ, ಬೆಳಗ್ಗೆ ಎದ್ರೆ ಬೆರಳು ಮಡಚೋಕಾಗಲ್ಲ, ಎರಡು ವರ್ಷದಿಂದ ಒಂದು ಕವಿತೆನೂ ಮುಗಿಸೋಕಾಗಿಲ್ಲ, ಹೀಗಿರೋವಾಗ ಪರಿಚಯದವರೊಬ್ರು ‘ಕೀಟ್ಸ್ ಕ್ಷಯ ಇಟ್ಕೊಂಡೇ ಬರೀಲಿಲ್ವಾ, ನಿಮ್ಮದು ಸೋಮಾರಿತನ’ ಅಂದ್ರು, ಅದು ನಿಜಾನಾ ಅಂತ ಕೇಳಿದೀರಿ. ಅಲ್ಲವೇ ಅಲ್ಲ.

ಇಂಗ್ಲಿಷ್ ಕವಿ ಜಾನ್ ಕೀಟ್ಸ್ ಬದುಕನ್ನ ತಾರೀಖು ಹಿಡ್ಕೊಂಡು ನೋಡಿ. ನಾವು ಇವತ್ತಿಗೂ ಓದೋ ಅವನ ಹೆಸರಾದ ಓಡ್‌ಗಳು, ಅಂದ್ರೆ ಯಾವುದನ್ನಾದ್ರೂ ಉದ್ದೇಶಿಸಿ ಬರೆದ ಭಾವಗೀತೆಗಳು, 1819ರವು, ಶರತ್ಕಾಲದ ಮೇಲಿನ ಕವಿತೆ ಆ ವರ್ಷದ ಸೆಪ್ಟೆಂಬರಲ್ಲಿ ಬರೆದಿದ್ದು. ಆಗ್ಲೂ ಅವನು ಗಟ್ಟಿಮುಟ್ಟಾಗೇನೂ ಇರ್ಲಿಲ್ಲ, ಹಿಂದಿನ ವರ್ಷದಿಂದ ಗಂಟಲುನೋವು ಕಾಡ್ತಿತ್ತು, ತಮ್ಮ ಟಾಮ್‌ನ ಹಾಸಿಗೆ ಪಕ್ಕದಲ್ಲೇ ಕೂತು ನೋಡ್ಕೊಂಡು 1818ರ ಡಿಸೆಂಬರಲ್ಲಿ ಅವನನ್ನ ಕ್ಷಯಕ್ಕೆ ಕಳ್ಕೊಂಡಿದ್ದ. ಆದ್ರೂ ಓಡಾಡೋಕೆ, ಕೂತು ಬರೆಯೋಕೆ ಮೈ ಕೇಳ್ತಿತ್ತು.

1820ರ ಫೆಬ್ರವರಿ 3ರ ರಾತ್ರಿ ಕೆಮ್ಮಿದಾಗ ರಕ್ತ ಬಂತು. ವೈದ್ಯಕೀಯ ಓದಿದವನು ನೋಡಿ, ಬಣ್ಣ ನೋಡಿದ ತಕ್ಷಣ ಇದು ಅಪಧಮನಿಯ ರಕ್ತ, ಇನ್ನು ನಾನು ಉಳಿಯಲ್ಲ ಅಂತ ಗೊತ್ತಾಗೋಯ್ತು. ಅಲ್ಲಿಂದ ಸಾಯೋವರೆಗೆ ಒಂದು ವರ್ಷ ಚಿಲ್ಲರೆ ದಿನ, ಅಷ್ಟರಲ್ಲಿ ಕವಿತೆ ಅಂತ ಬರೆದಿದ್ದು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಜುಲೈನಲ್ಲಿ ಪುಸ್ತಕ ಬಂತು ನಿಜ, ಒಳಗಿದ್ದಿದ್ದೆಲ್ಲ ಮೊದಲೇ ಬರೆದಿಟ್ಟಿದ್ದು. ಡಾಕ್ಟರು ಕವಿತೆ ಬರೆಯೋದಿರಲಿ, ಓದೋದೂ ಬೇಡ ಅಂದಿದ್ರು. ಆಗಿನ ಚಿಕಿತ್ಸೆ ಅಂದ್ರೆ ರಕ್ತ ತೆಗೆಯೋದು, ಊಟ ಕಮ್ಮಿ ಮಾಡೋದು. ರಕ್ತ ಕಾರ್ತಿರೋ ಮನುಷ್ಯನ ಮೈಯಿಂದ ಇನ್ನೂ ರಕ್ತ ತೆಗೆದ್ರು ಅಂತ ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ರೋಮ್‌ಗೆ ಹೋದ್ಮೇಲೆ ಅವನು ಪ್ರೀತಿಸ್ತಿದ್ದ ಫ್ಯಾನಿ ಬ್ರಾನ್ ಬರೆದ ಕಾಗದ ಬಂದ್ರೆ ಒಡೆದು ಓದೋ ಧೈರ್ಯನೂ ಇರ್ಲಿಲ್ಲ ಅವನಿಗೆ, ಆ ಕಾಗದಗಳನ್ನ ಹಾಗೇ ಅವನ ಜೊತೆ ಮಣ್ಣು ಮಾಡಿದ್ರು. 1821ರ ಫೆಬ್ರವರಿ 23ಕ್ಕೆ ತೀರ್ಕೊಂಡ, ಇಪ್ಪತ್ತೈದೇ ವರ್ಷ.

ಅಂದ್ರೆ ಕಾಯಿಲೆ ಅವನ ಕೈಯಿಂದ ಬರೆಸ್ಲಿಲ್ಲ, ಪೆನ್ನು ಕಿತ್ಕೊಳ್ತು. ನಿಮಗೆ ಆಗ್ತಿರೋದೂ ಅದೇ, ಅದಕ್ಕೆ ಸೋಮಾರಿತನ ಅಂತ ಹೆಸರಿಡೋ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ಮಾತು. ಟಾಮ್ ಹಾಸಿಗೆ ಹಿಡಿದಿದ್ದಾಗ ಶುರು ಮಾಡಿದ ‘ಹೈಪೀರಿಯನ್’ ಅನ್ನೋ ದೀರ್ಘ ಕವಿತೆನ ಕೀಟ್ಸ್ ಅರ್ಧಕ್ಕೇ ಬಿಟ್ಟ, 1820ರ ಪುಸ್ತಕದಲ್ಲಿ ಅದನ್ನ ಅರ್ಧವಾಗೇ ಅಚ್ಚು ಹಾಕಿದ್ರು. ನಿಮ್ಮ ಪತ್ರದ ಜೊತೆ ಬಂದ ಎರಡನೇ ಕವಿತೆಲಿ ಬೆರಳಿನ ಬಗ್ಗೆ ನಾಲ್ಕು ಸಾಲಿದೆಯಲ್ಲ, ಅದನ್ನ ನಾನು ಎಷ್ಟು ಸಲ ಓದಿದೀನೋ. ಮುಗಿಸಿ ಕೊಡಿ ಅಂತ ಕೇಳಲ್ಲ. ನೀವು ಒಪ್ಪಿದ್ರೆ ಆ ನಾಲ್ಕು ಸಾಲನ್ನ ಹಾಗೇ ಮುಂದಿನ ಸಂಚಿಕೆಲಿ ಹಾಕ್ತೀವಿ, ಒಪ್ಪಿಗೆಗೆ ಕಾಗದ ಬರೆಯೋಕೆ ಹೋಗ್ಬೇಡಿ, ಫೋನಲ್ಲಿ ಹೂಂ ಅಂದ್ರೆ ಸಾಕು.

– ಸಂ.