ರಾತ್ರಿ ಹತ್ತಕ್ಕೆ ಮೋಟರ್ ಆಫ್ ಮಾಡೋಕೆ ಹೋಗ್ತಿದ್ದವರು: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಏರಿಯಾ, ಮನೆ ವಿವರ ಎಲ್ಲಾ ಬದಲಾಯಿಸಿದೀನಿ, ಗಂಡ ಹೆಂಡ್ತಿ ಇಬ್ಬರಿಗೂ ಹೇಳಿ ಒಪ್ಪಿಗೆ ತಗೊಂಡೇ ಬರೀತಿದೀನಿ. ಇವರನ್ನ ರಂಗಪ್ಪ ಅನ್ನೋಣ. ವಯಸ್ಸು 57, ಪೀಣ್ಯದಲ್ಲಿ ಒಂದು ಮೆಷಿನ್ ಶಾಪಲ್ಲಿ ಸುಮಾರು ಮೂವತ್ತು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಬಂದಿದ್ದು ನಿದ್ದೆ ಬರಲ್ಲ ಅಂತ. ರಾತ್ರಿ ಎರಡಕ್ಕೆ ಎಚ್ಚರ ಆಗುತ್ತೆ, ಎದೆ ಹೊಡ್ಕೊಳ್ಳುತ್ತೆ, ಬಿಪಿ ಚೆಕ್ ಮಾಡಿಸಿದಾರೆ, ಇಸಿಜಿ ಆಗಿದೆ, ಎಲ್ಲಾ ನಾರ್ಮಲ್. ಡಾಕ್ಟ್ರು ಒಂದ್ಸಲ ಕೌನ್ಸೆಲರ್ ಹತ್ರ ಮಾತಾಡಿ ನೋಡಿ ಅಂದ್ರಂತೆ.

ಮೊದಲ ಸೆಷನ್ ಪೂರ್ತಿ ಫ್ಯಾಕ್ಟರಿ ಬಗ್ಗೆನೇ ಮಾತಾಡಿದ್ರು, ಆರ್ಡರ್ ಕಮ್ಮಿ ಆಗಿದೆ, ಹುಡುಗರು ಕೆಲಸ ಕಲಿಯಲ್ಲ ಅಂತ. ಎರಡನೇದರಲ್ಲಿ ಹೊರಡೋ ಹೊತ್ತಿಗೆ ಬಾಗಿಲ ಹತ್ರ ನಿಂತ್ಕೊಂಡು, "ಮೇಡಂ, ಒಬ್ಬ ಮನುಷ್ಯ ತಾನೇ ಪಿನ್ ಒತ್ತಿ ದುಡ್ಡು ಕಳಿಸಿದ್ರೆ ಅದು ಮೋಸ ಅನ್ಸುತ್ತಾ, ದಡ್ಡತನ ಅನ್ಸುತ್ತಾ?" ಅಂದ್ರು. ನಾನು ಕೂತ್ಕೊಳ್ಳಿ ಅಂದೆ. ಮುಂದಿನವರಿಗೆ ಹತ್ತು ನಿಮಿಷ ಕಾಯೋಕೆ ಹೇಳಿ ಇವರ ಮಾತು ಕೇಳಿದೆ.

ವಿಷಯ ನಾಣ್ಯ. ಚಿಕ್ಕ ವಯಸ್ಸಿಂದ ಸಂಗ್ರಹ ಇದೆ, ಅವೆನ್ಯೂ ರೋಡ್ ಓಡಾಡಿ ಒಂದೊಂದೇ ಸೇರಿಸಿದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯ, ಅದರ ಮೇಲೆ ಕನ್ನಡದಲ್ಲಿ ಮಯಿಲಿ ಕಾಸು ಅಂತ ಬರೆದಿರೋದು, ಟಿಪ್ಪುವಿನ ಆನೆ ಇರೋ ಪೈಸೆ, ಅದರಲ್ಲಿ ಆನೆ ಎಡಕ್ಕೆ ನೋಡ್ತಿದ್ಯಾ ಬಲಕ್ಕೆ ನೋಡ್ತಿದ್ಯಾ ಅನ್ನೋದು, ಇದೆಲ್ಲ ಹೇಳುವಾಗ ಆ ಮನುಷ್ಯನ ಮುಖ ಬೇರೆನೇ ಆಗ್ಬಿಡ್ತು. ಈ ಹವ್ಯಾಸ ಬಿಡಿಸೋದು ನನ್ನ ಕೆಲಸ ಅಲ್ಲ ಅಂತ ನನಗೆ ಅವತ್ತೇ ಗೊತ್ತಾಯ್ತು.

ಆಮೇಲೆ ಅಂಗಡಿ ಓಡಾಟ ಕಮ್ಮಿ ಆಯ್ತು, ಮೊಬೈಲ್ ಜಾಸ್ತಿ ಆಯ್ತು. 2018ರಲ್ಲಿ ಆನ್‌ಲೈನಲ್ಲಿ ಕೊಳ್ಳೋ ಮಾರೋ ಇಬೇಯ ಇಂಡಿಯಾ ಸೈಟ್ ಮುಚ್ಚಿದ ಮೇಲೆ ಇವರ ಪರಿಚಯದವರು ತುಂಬಾ ಜನ ಸೋಷಿಯಲ್ ಮೀಡಿಯಾ ಗ್ರೂಪ್‌ಗಳಿಗೆ ಹೋದ್ರಂತೆ, ಇವರೂ ಹೋದ್ರು. ಅಲ್ಲಿ ನಡೆಯೋದು ನಾಣ್ಯದ ಹರಾಜು, ಅಡ್ಮಿನ್ ಫೋಟೋ ಹಾಕ್ತಾನೆ, ಬೇಸ್ ರೇಟ್ ಹಾಕ್ತಾನೆ, ರಾತ್ರಿ ಹತ್ತಕ್ಕೆ ಕ್ಲೋಸ್, ಕೊನೇ ನಿಮಿಷದಲ್ಲಿ ಬಿಡ್ ಬಂದ್ರೆ ಇನ್ನೊಂದ್ ನಿಮಿಷ ಎಕ್ಸ್‌ಟೆನ್ಷನ್. ಗೆದ್ದವರು ಅರ್ಧ ಗಂಟೆ ಒಳಗೆ ಯುಪಿಐ ಮಾಡ್ಬೇಕು, ಇಲ್ಲಾಂದ್ರೆ ಗ್ರೂಪಿಂದ ತೆಗೀತಾರೆ. ನನ್ನ ಕಿವಿಗೆ ಬಿದ್ದ ಒಂದು ವಿಷಯ ಏನಂದ್ರೆ ರಂಗಪ್ಪ ಒಂದ್ಸಲಾನೂ "ಕೊಂಡ್ಕೊಂಡೆ" ಅನ್ನಲಿಲ್ಲ, ಪ್ರತಿ ಸಲ "ಗೆದ್ದೆ" ಅಂತಾನೇ ಅಂದ್ರು. ಅವೆನ್ಯೂ ರೋಡಿನ ನಾಣ್ಯಗಳ ಬಗ್ಗೆ ಹೇಳುವಾಗ ಮಾತ್ರ "ತಗೊಂಡೆ".

ಹತ್ತು ಗಂಟೆಗೆ ಮನೇಲಿ ಎಲ್ಲರೂ ಟಿವಿ ಮುಂದೆ ಇರೋವಾಗ ಇವರು "ಮೋಟರ್ ಆಫ್ ಮಾಡ್ಕೊಂಡ್ ಬರ್ತೀನಿ" ಅಂತ ಟೆರೇಸ್‌ಗೆ ಹೋಗ್ತಿದ್ರು. ಎರಡು ವರ್ಷ. ಬಿಡ್ ಮಾಡಿ, ದುಡ್ಡು ಹಾಕಿ, ಮೆಸೇಜ್ ಡಿಲೀಟ್ ಮಾಡಿ ಕೆಳಗೆ ಬರೋದು. ಪಾರ್ಸೆಲ್ ಬರೋದು ಫ್ಯಾಕ್ಟರಿ ಅಡ್ರೆಸ್‌ಗೆ.

ಆಮೇಲೆ 1939ರ ರೂಪಾಯಿ ಬಂತು. ನಾಣ್ಯದವರಿಗೆ ಇದು ಗೊತ್ತಿರುತ್ತೆ, ಆರನೇ ಜಾರ್ಜ್ ತಲೆ ಇರೋ 1939ರ ಬೆಳ್ಳಿ ರೂಪಾಯಿ ಸಿಗೋದೇ ಅಪರೂಪ, ಅದಕ್ಕೇ ಅದರ ನಕಲಿಗಳೂ ಅಷ್ಟೇ ಜಾಸ್ತಿ. 42,000ಕ್ಕೆ "ಗೆದ್ರು". ಪಾರ್ಸೆಲ್ ಒಡೆದ ತಕ್ಷಣ ಕೈಗೇ ಗೊತ್ತಾಯ್ತಂತೆ. ಅಂಚಲ್ಲಿ ಎರಕದ ಗೆರೆ, ಅಕ್ಷರ ಎಲ್ಲಾ ಸೋಪ್ ಸವೆದ ಹಾಗೆ, ತೂಕ 9.8 ಗ್ರಾಂ, ಇರಬೇಕಾಗಿದ್ದು 11.66. ಮಾರಿದವನು ಎರಡು ದಿನ ಚೆಕ್ ಮಾಡ್ತೀನಿ ಸಾರ್ ಅಂದ, ಮೂರನೇ ದಿನ ಬ್ಲಾಕ್.

ಇಷ್ಟಕ್ಕೇ ನಿಂತಿದ್ರೆ ನನ್ನ ಹತ್ರ ಬರ್ತಿರ್ಲಿಲ್ವೇನೋ. ಹೋದ ದುಡ್ಡನ್ನ ಹೆಂಡ್ತಿಗೆ ಗೊತ್ತಾಗೋ ಮುಂಚೆ ವಾಪಸ್ ತುಂಬಿಸ್ಬೇಕು ಅಂತ ತಮ್ಮ ಹತ್ರ ಇರೋ ಒಂದಷ್ಟು ನಾಣ್ಯಗಳ ಫೋಟೋ ಮಾರಾಟಕ್ಕೆ ಹಾಕಿದ್ರು. ಒಬ್ಬ ಫೋನ್ ಮಾಡಿದ, ಎಂಟು ಲಕ್ಷ ಕೊಡ್ತೀನಿ ಅಂದ. ಆಮೇಲೆ ರಿಸರ್ವ್ ಬ್ಯಾಂಕ್ ಲಾಂಛನ ಇರೋ ಒಂದು ಲೆಟರ್ ಬಂತು, ಕ್ಲಿಯರೆನ್ಸ್ ಚಾರ್ಜ್ 18,500 ಕಟ್ಟಿ ಅಂತ. ಕಟ್ಟಿದ್ರು. ಆಮೇಲೆ ಜಿಎಸ್‌ಟಿ ಅಂತ 26,000. ಅದನ್ನೂ ಕಟ್ಟಿದ್ರು. ಒಟ್ಟು 86,500. ರಿಸರ್ವ್ ಬ್ಯಾಂಕು 2021ರ ಆಗಸ್ಟಲ್ಲೇ ಪ್ರಕಟಣೆ ಕೊಟ್ಟಿದೆ, ಹಳೇ ನೋಟು ನಾಣ್ಯದ ವ್ಯವಹಾರದಲ್ಲಿ ನಾವಿಲ್ಲ, ಕಮಿಷನ್ನು ಚಾರ್ಜು ಯಾವತ್ತೂ ಕೇಳಲ್ಲ, ನಮ್ಮ ಹೆಸರಲ್ಲಿ ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ರಂಗಪ್ಪ ಅದನ್ನ ಓದಿದ್ರು ಕೂಡ. "ಗೊತ್ತಿತ್ತು ಮೇಡಂ, ಆದ್ರೂ ಕಟ್ಟಿದೆ" ಅಂತ ಹೇಳಿ ಅತ್ತರು.

ಗೊತ್ತಿದ್ದೂ ಯಾಕೆ ಕಟ್ಟಿದ್ರು ಅನ್ನೋದಕ್ಕೆ ದುರಾಸೆ ಅಂತ ಉತ್ತರ ಕೊಡೋದು ತುಂಬಾ ಸುಲಭ, ಆದ್ರೆ ಅದು ತಪ್ಪು. ಎಂಟು ಲಕ್ಷ ಅವರಿಗೆ ಬೇಕಿರಲಿಲ್ಲ, 42,000 ಬೇಕಿತ್ತು, ಅದೂ ಯಾರಿಗೂ ಗೊತ್ತಾಗದ ಹಾಗೆ ಬೇಕಿತ್ತು. ಮನೇಲಿ ಒಬ್ಬರಿಗೆ ಗೊತ್ತಿದ್ದಿದ್ರೂ ಆ ಲೆಟರ್ ನೋಡಿ "ಇದೇನ್ರೀ ಇದು" ಅಂತ ಒಂದು ಮಾತು ಬರ್ತಿತ್ತು, ಅಲ್ಲಿಗೆ ಮುಗೀತಿತ್ತು. ಮೊದಲನೇ ಮೋಸ ನಾಣ್ಯದ್ದು, ಎರಡನೇದು ಮುಚ್ಚಿಟ್ಟಿದ್ದಕ್ಕೆ ಆಗಿದ್ದು ಅಂತ ನನ್ನ ಅಭಿಪ್ರಾಯ, ಈ ಮಾತನ್ನ ಅವರಿಗೂ ಹೇಳಿದೆ.

ಅವತ್ತು ನಾನು ಮೊದಲು ಕೇಳಿದ್ದು ದುಡ್ಡಿನ ಬಗ್ಗೆ ಅಲ್ಲ. ಸಾಯೋ ಯೋಚನೆ ಬಂದಿದ್ಯಾ ಅಂತ ನೇರವಾಗೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಬೆಳಗ್ಗೆ ಏಳದೇ ಇದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತೆ, ಅಷ್ಟೇ" ಅಂದ್ರು. ಅದು ಅಷ್ಟೇ ಅಲ್ಲ, ನಾನು ಅದನ್ನ ಸಣ್ಣದು ಅಂತ ತಗೊಳ್ಳಲ್ಲ ಅಂತ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅವರ ಫೋನಲ್ಲಿ ಅವರ ಕೈಯಲ್ಲೇ ಸೇವ್ ಮಾಡಿಸಿದೆ, ರಾತ್ರಿ ಎರಡಕ್ಕೆ ಎಚ್ಚರ ಆದ್ರೆ ಒಬ್ಬರೇ ಕೂರಬೇಡಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು ಅಂತ. ಆ ವಾರ ದಿನಾ ಸಂಜೆ ನನಗೊಂದು ಮೆಸೇಜ್ ಹಾಕಬೇಕು ಅಂತಾನೂ ಮಾತಾಯ್ತು.

ಆಮೇಲೆ ಅಲ್ಲೇ ಕೂತು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಮೋಸ ಆಗಿ ಹತ್ತೊಂಬತ್ತು ದಿನ ಆಗಿತ್ತು, ಈ ನಂಬರಿಗೆ ಮೊದಲ ಒಂದೆರಡು ಗಂಟೆ ಒಳಗೆ ಫೋನ್ ಮಾಡಿದ್ರೆ ಆ ಕಡೆ ಖಾತೆಯಲ್ಲಿ ದುಡ್ಡು ಇನ್ನೂ ಇದ್ರೆ ತಡೆಹಿಡಿಯೋ ಸಾಧ್ಯತೆ ಜಾಸ್ತಿ, ಲೇಟಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಓಡಿರುತ್ತೆ. ಆದ್ರೂ ಮಾಡ್ಲೇಬೇಕು. ಯುಪಿಐನ 12 ಅಂಕಿಯ ರೆಫರೆನ್ಸ್ ನಂಬರ್, ಬ್ಲಾಕ್ ಆಗೋ ಮುಂಚಿನ ಚಾಟ್‌ಗಳ ಸ್ಕ್ರೀನ್‌ಶಾಟ್, ನಾಣ್ಯದ ಫೋಟೋ, ಕೊರಿಯರ್ ಕವರ್, ಆ ಲೆಟರ್, ಎಲ್ಲಾ ಸೇರಿಸಿ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿದ್ರು, ಬ್ಯಾಂಕಿಗೂ ಬರಹದಲ್ಲಿ ಕೊಟ್ರು. ಬ್ಯಾಂಕ್ ಪೂರ್ತಿ ವಾಪಸ್ ಕೊಡುತ್ತೆ ಅಂತ ಆಸೆ ಇಟ್ಕೋಬೇಡಿ ಅಂತಾನೂ ಹೇಳಿದೆ. ಮೂರು ವರ್ಕಿಂಗ್ ಡೇ ಒಳಗೆ ಹೇಳಿದ್ರೆ ಗ್ರಾಹಕನಿಗೆ ನಷ್ಟ ಇಲ್ಲ ಅನ್ನೋ 2017ರ ನಿಯಮ ಇರೋದು ನಮಗೆ ಗೊತ್ತಿಲ್ಲದೇ ಬೇರೆಯವರು ಎಳ್ಕೊಂಡ ದುಡ್ಡಿಗೆ, ನಾವೇ ಪಿನ್ ಒತ್ತಿದ್ದಕ್ಕೆ ಅದು ಸಿಗೋದು ಕಷ್ಟ. ಅವರು ಬಾಗಿಲಲ್ಲಿ ಕೇಳಿದ ಪ್ರಶ್ನೆಗೂ ಅವತ್ತೇ ಉತ್ತರ ಕೊಟ್ಟೆ. ಪಿನ್ ಒತ್ತಿದ್ದು ನೀವು, ಸುಳ್ಳು ಹೇಳಿದ್ದು ಅವನು, ಕಾನೂನಿನ ಕಣ್ಣಲ್ಲಿ ಅದು ಮೋಸಾನೇ.

ಹೆಂಡ್ತಿಗೆ ಹೇಳೋ ವಿಷಯಕ್ಕೆ ಮೂರು ಸೆಷನ್ ಹಿಡೀತು. ನಾನೇ ಹೇಳ್ತೀನಿ ಅಂತ ಒಪ್ಕೊಂಡು ಮನೆಗೆ ಹೋಗೋರು, ಹೇಳದೇ ವಾಪಸ್ ಬರೋರು. ಕೊನೆಗೆ ಇಬ್ಬರೂ ನನ್ನ ರೂಮಿಗೆ ಬಂದ್ರು. ಆಕೆ ಎಲ್ಲಾ ಕೇಳಿಸ್ಕೊಂಡ್ರು, 86,500 ಅಂದಾಗ್ಲೂ ಏನೂ ಅನ್ನಲಿಲ್ಲ, ಟೆರೇಸ್ ವಿಷಯ ಬಂದಾಗ ಮಾತ್ರ ಸೆರಗಲ್ಲಿ ಮುಖ ಒರೆಸ್ಕೊಂಡು, "ದುಡ್ಡು ಹೋದ್ರೆ ಹೋಯ್ತು ಬಿಡಿ ಮೇಡಂ, ಎರಡು ವರ್ಷ ದಿನಾ ಮೋಟರ್ ಮೋಟರ್ ಅಂದ್ರಲ್ಲ, ನಾನು ಮೊಣಕಾಲು ನೋವಲ್ಲಿ ಇವ್ರು ಮೆಟ್ಲು ಹತ್ತುತ್ತಾರಲ್ಲ ಪಾಪ ಅಂದ್ಕೊಂಡಿದ್ದೆ" ಅಂದ್ರು. ರಂಗಪ್ಪನಿಗೆ ಅವತ್ತಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕಿರಲಿಲ್ಲ. ನಾನು ಮಧ್ಯ ಬಾಯಿ ಹಾಕಲಿಲ್ಲ.

ಸಲಹೆ ಅಂತ ನಾನು ಕೊಟ್ಟಿದ್ದರಲ್ಲಿ ಕೆಲಸ ಮಾಡಿದ್ದು ಅವರದೇ ಫ್ಯಾಕ್ಟರಿಯಿಂದ ಬಂದಿದ್ದು. ನಿಮ್ಮ ಶಾಪಿಗೆ ವೆಂಡರ್ ಮಾಲು ಕಳಿಸಿದ್ರೆ ಯಾವಾಗ ಪೇಮೆಂಟ್ ಆಗುತ್ತೆ ಅಂತ ಕೇಳಿದೆ. "ಇನ್‌ಸ್ಪೆಕ್ಷನ್ ಆಗಿ, ನಾನು ಸೈನ್ ಹಾಕಿದ್ಮೇಲೆ" ಅಂದ್ರು. ನೀವು ಸೈನ್ ಹಾಕದೇ? "ಮಾಲೀಕರೇ ಹೇಳಿದ್ರೂ ಆಗಲ್ಲ." ಹಾಗಾದ್ರೆ ನಿಮ್ಮ ಸ್ವಂತ ದುಡ್ಡಿಗೆ ಯಾಕೆ ಆ ಮರ್ಯಾದೆ ಕೊಡಲಿಲ್ಲ ಅಂತ ಕೇಳಿದೆ. ಹತ್ತು ಮೈಕ್ರಾನ್ ಜಾಸ್ತಿ ಇದ್ರೆ ರಿಜೆಕ್ಟ್ ಬಿನ್‌ಗೆ ಹಾಕೋ ಮನುಷ್ಯ ಫೋಟೋ ನೋಡಿ 42,000 ಕಳಿಸಿದ್ದು ಹೇಗೆ ಅಂತ ಅವರಿಗೇ ಅವತ್ತು ಆಶ್ಚರ್ಯ ಆಯ್ತು. ಟೆರೇಸ್ ಮೇಲೆ ಆ ಇನ್‌ಸ್ಪೆಕ್ಟರ್ ಇರಲೇ ಇಲ್ಲ, ಗೆಲ್ಲಬೇಕು ಅನ್ನೋನು ಮಾತ್ರ ಇದ್ದ. ಅರ್ಧ ಗಂಟೆ ಒಳಗೆ ದುಡ್ಡು ಅನ್ನೋ ರೂಲು ಇರೋದೇ ಇನ್‌ಸ್ಪೆಕ್ಟರ್ ಮೆಟ್ಲು ಹತ್ತಿ ಬರೋ ಅಷ್ಟರಲ್ಲಿ ವ್ಯವಹಾರ ಮುಗೀಲಿ ಅಂತ.

ಮುಂದಿನ ವಾರ ಅವರೇ ಒಂದು ಶೀಟ್ ಬರ್ಕೊಂಡು ಬಂದಿದ್ರು, ಅವರ ಕೈಬರಹದಲ್ಲಿ ಕಾಲಂ ಹಾಕಿ. ನಾಣ್ಯ ಕೈಗೆ ಬರೋ ಮುಂಚೆ ಪೂರ್ತಿ ದುಡ್ಡಿಲ್ಲ, ಮಾರೋನು ತೂಕದ ಮಿಷನ್ ಮೇಲೆ ನಾಣ್ಯ ಇಟ್ಟು ಅಂಚಿನ ಸಮೇತ ವಿಡಿಯೋ ಕಳಿಸ್ಬೇಕು, ಆ ಫೋಟೋ ಬೇರೆ ಎಲ್ಲಾದ್ರೂ ಇದ್ಯಾ ಅಂತ ಇಮೇಜ್ ಸರ್ಚ್. ದುಡ್ಡು ಕಳಿಸೋ ಮುಂಚೆ ಸ್ಕ್ರೀನ್ ಮೇಲೆ ಬರೋ ಬ್ಯಾಂಕ್ ಖಾತೆದಾರನ ಹೆಸರು ಮಾರೋನ ಹೆಸರಿಗೆ ಹೊಂದ್ಬೇಕು, ಹೊಂದದಿದ್ರೆ ಅಲ್ಲಿಗೇ ನಿಲ್ಲಿಸೋದು, ಭಾವಮೈದುನನ ಖಾತೆ ಸಾರ್ ಅಂದ್ರೂ ನಿಲ್ಲಿಸೋದು. 1939ರದ್ದು ಕಳಿಸುವಾಗ ಬೇರೆ ಯಾರದೋ ಹೆಸರು ಬಂದಿತ್ತಂತೆ. ಬೆಳ್ಳಿ ರೂಪಾಯಿ ಆದ್ರೆ ತೂಕ ಇಷ್ಟು, ಡಯಾಮೀಟರ್ 30.5 ಮಿಲಿಮೀಟರ್, ಮ್ಯಾಗ್ನೆಟ್‌ಗೆ ಅಂಟಬಾರದು. ದಾರ ಕಟ್ಟಿ ನೀರಲ್ಲಿ ಮುಳುಗಿಸಿ ತೂಕ ಎಷ್ಟು ಕಮ್ಮಿ ಆಯ್ತು ನೋಡಿ ಅದರಿಂದ ನಾಣ್ಯದ ಮಾಮೂಲಿ ತೂಕ ಭಾಗಿಸಿದ್ರೆ ಆ ಕಾಲದ ಬೆಳ್ಳಿ ರೂಪಾಯಿಗೆ ಹತ್ತೂ ಚಿಲ್ಲರೆ ಬರ್ಬೇಕು, ಇವರಿಗೆ ಬಂದಿದ್ದು 8.7. ಈ ಲೆಕ್ಕ ನನಗೆ ತೋರಿಸ್ತಾ ಇದ್ದಾಗ ಎರಡು ತಿಂಗಳಲ್ಲಿ ಮೊದಲ ಸಲ ಅವರ ದನಿ ಜೋರಾಗಿತ್ತು.

ಆ ಶೀಟಿಗೆ ನಾನು ಒಂದೇ ಒಂದು ಕಾಲಂ ಸೇರಿಸಿದೆ. ಎರಡನೇ ಸೈನ್, ಹೆಂಡ್ತಿದು. ಪರ್ಮಿಷನ್ ಅಲ್ಲ, ಗೊತ್ತಿದೆ ಅಂತ ಅಷ್ಟೇ. ತಿಂಗಳಿಗೆ ಇಷ್ಟು ಅಂತ ಬೇರೆ ಒಂದು ಖಾತೆಗೆ ದುಡ್ಡು ಹಾಕಿ ಯುಪಿಐ ಅದಕ್ಕೆ ಮಾತ್ರ ಲಿಂಕ್ ಮಾಡೋದು, ಸಂಬಳದ ಖಾತೆಗಿರೋ ಯುಪಿಐ ಲಿಂಕ್ ತೆಗೆಯೋದು. ಹತ್ತು ಗಂಟೆಯ ಹರಾಜು ಗ್ರೂಪ್‌ಗಳಿಂದ ಆರು ತಿಂಗಳು ಹೊರಗೆ. ಅದು ಕಷ್ಟ ಆಯ್ತು, ಎರಡು ಸಲ ವಾಪಸ್ ಸೇರ್ಕೊಂಡ್ರು, ಎರಡು ಸಲಾನೂ ಬಂದು ಹೇಳಿದ್ರು. ಇನ್ನೂ ಕೈ ಮೀರಿದ್ರೆ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್‌ಗೆ ಕಳಿಸ್ತೀನಿ, ಮೊಬೈಲ್ ಬಳಕೆ ಹಿಡಿತ ತಪ್ಪಿದವರಿಗೆ ಅಂತಾನೇ 2014ರಿಂದ ಇರೋ ಜಾಗ ಅದು ಅಂತ ಹೇಳಿಟ್ಟಿದೀನಿ, ಇಲ್ಲಿವರೆಗೂ ಬೇಕಾಗಿಲ್ಲ.

ದೂರಿಗೆ ಉತ್ತರ ಬಂದಿದ್ದು ಒಂದು ಖಾತೆಯಲ್ಲಿ ಒಂದು ಸಣ್ಣ ಮೊತ್ತ ತಡೆಹಿಡಿದಿದಾರೆ ಅಂತ, ಉಳಿದಿದ್ದು ಹೋಗಿದೆ. ನಿದ್ದೆ ಈಗ ನಾಲ್ಕರ ತನಕ ಬರುತ್ತಂತೆ. ಹೋದ ತಿಂಗಳು ಇಬ್ಬರೂ ಸೇರಿ ಅವೆನ್ಯೂ ರೋಡಿಗೆ ಹೋಗಿ ಒಂದು 1947ರ ರೂಪಾಯಿ ತಗೊಂಡು ಬಂದಿದಾರೆ, ಹಿಂದೆ ಹುಲಿ ಇರೋದು. ಅದು ಬೆಳ್ಳಿ ಅಲ್ಲ, ನಿಕಲ್, ಹಾಗಾಗಿ ಮ್ಯಾಗ್ನೆಟ್‌ಗೆ ಅಂಟಲೇಬೇಕು. ಅಂಗಡೀಲಿ ಮ್ಯಾಗ್ನೆಟ್ ಹಿಡಿದಿದ್ದು ಆಕೆ. ಶೀಟಲ್ಲಿ ಎರಡೂ ಸೈನ್ ಇತ್ತು, "ತಗೊಂಡೆ" ಅಂತಾನೇ ಅಂದ್ರು, ನಾನು ಗಮನಿಸಿದೆ.

ಮಗಳಿಗೆ ಇನ್ನೂ ಹೇಳಿಲ್ಲ. ಅದನ್ನ ಮುಂದಿನ ಸೆಷನ್‌ಗೆ ಇಟ್ಕೊಂಡಿದೀವಿ.