ತೋಟದ ಜೀಪಿಗೆ ಯಾವ ಟೈರು?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಮಳೆಗಾಲದಲ್ಲಿ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಹಾಕಿದರೂ ಜೀಪು ಏರಿನಲ್ಲಿ ಜಾರುತ್ತದೆ. ಮಡ್ ಟೈರ್ ಹಾಕಿಸಲೇ?

ಉತ್ತರ: ವಾರಕ್ಕೆ ಎಷ್ಟು ಸಲ ಚಿಕ್ಕಮಗಳೂರಿಗೆ ಹೋಗ್ತೀರಿ? ಅದನ್ನು ಮೊದಲು ಲೆಕ್ಕ ಹಾಕಿ. ಮಡ್ ಟೈರಿನಲ್ಲಿ ಹಲ್ಲುಗಳ ನಡುವಿನ ಸಂದು ಅಗಲ. ಚಕ್ರ ತಿರುಗಿದ ಹಾಗೆ ಕೆಸರು ಹಾರಿಹೋಗುತ್ತದೆ. ಅದೇ ಟೈರು ಟಾರ್ ರಸ್ತೆಯಲ್ಲಿ ಗುಂಯ್ ಅನ್ನುತ್ತದೆ, ಬೇಗ ಸವೆಯುತ್ತದೆ, ಒದ್ದೆಯಲ್ಲಿ ಬ್ರೇಕ್ ಹಿಡಿತವೂ ಕಡಿಮೆ. ನಾನೂ ಆಸೆಪಟ್ಟು ಹಾಕಿಸಿದ್ದೆ. ಎರಡೇ ದಿನಕ್ಕೆ ನನ್ನ ಹೆಂಡತಿ ಬಸ್ಸು ಹಿಡಿದಳು!

ತೋಟದೊಳಗೇ ಓಡುವ ಜೀಪಾದರೆ ಹಾಕಿಸಿ. ಪೇಟೆ ಓಡಾಟ ಜಾಸ್ತಿ ಇದ್ದರೆ ಕೆಸರು, ಟಾರು ಎರಡಕ್ಕೂ ಒಗ್ಗುವ ಆಲ್ ಟೆರೇನ್ ಟೈರು ಸಾಕು. ಯಾವುದೇ ಆದರೂ ನಾಲ್ಕೂ ಒಂದೇ ಅಳತೆಯವಿರಲಿ. ಕೆಸರಿಗೆ ಇಳಿಯುವಾಗ ಗಾಳಿಯನ್ನು ಸುಮಾರು 20 ಪಿಎಸ್ಐಗೆ ಇಳಿಸಿ, ನಿಧಾನ ಓಡಿಸಿ. ಟಾರು ಹತ್ತುವ ಮುಂಚೆ ಮತ್ತೆ ತುಂಬಿಸಿ.