ತೆಂಗಿನಕಾಯಿಯ ಹೋಲಿಕೆ ಬಿಡಿ: ಕೋಶ ವಿಭಜನೆಯ ಲೇಖನಕ್ಕೊಂದು ಉತ್ತರ

ಮಾನ್ಯರೇ,

ಬ್ರಹ್ಮಾವರದಿಂದ ನೀವು ಕಳುಹಿಸಿದ ‘ಒಂದು ಎರಡಾಗುವ ಬಗೆ’ ಎಂಬ ಲೇಖನ ಮಂಗಳೂರಿನ ನಮ್ಮ ಕಚೇರಿಗೆ ತಲುಪಿದೆ. ಅದನ್ನು ಎರಡು ಸಲ ಓದಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗಿದ್ದೂ ಇಷ್ಟು ದೀರ್ಘವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಶಿವರಾಮ ಕಾರಂತರು ಮಕ್ಕಳಿಗೂ ದೊಡ್ಡವರಿಗೂ ವಿಜ್ಞಾನವನ್ನು ಕನ್ನಡದಲ್ಲಿ ಬರೆದುಕೊಟ್ಟ ಕರಾವಳಿ ಇದು. ಇಲ್ಲಿಂದ ಜೀವಶಾಸ್ತ್ರದ ಬಗ್ಗೆ ಬರೆಯಹೊರಟವರನ್ನು ಒಂದು ಸಾಲಿನ ವಿಷಾದಪತ್ರದಲ್ಲಿ ಹಿಂದೆ ಕಳುಹಿಸಲು ನನಗೆ ಮನಸ್ಸು ಬರುವುದಿಲ್ಲ. ಅಲ್ಲದೆ ನಿಮ್ಮ ವಾಕ್ಯಗಳು ಸ್ವಚ್ಛವಾಗಿವೆ. ತೊಂದರೆ ಇರುವುದು ವಿಷಯವನ್ನು ನೀವು ಹಿಡಿದ ರೀತಿಯಲ್ಲಿ.

ಮೊದಲ ಸಾಲಿನಲ್ಲಿಯೇ ‘ತೆಂಗಿನಕಾಯಿ ಎರಡು ಹೋಳಾಗುವಂತೆ ಜೀವಕೋಶವೂ ಎರಡಾಗುತ್ತದೆ’ ಎಂದಿದ್ದೀರಿ. ಓದುಗರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿಯುವುದು ಈ ಚಿತ್ರವೇ, ಮತ್ತು ಈ ಚಿತ್ರ ತಪ್ಪು. ಕಾಯಿಯ ಒಂದು ಹೋಳಿನಲ್ಲಿ ಇರುವುದು ಅರ್ಧ ಕಾಯಿ. ಕೋಶವು ತನ್ನ ಡಿಎನ್‌ಎಯನ್ನು ಹಾಗೆ ಪಾಲು ಮಾಡಿಕೊಂಡಿದ್ದರೆ ಹತ್ತು ತಲೆಮಾರು ಕಳೆಯುವಷ್ಟರಲ್ಲಿ ಸಾವಿರದಲ್ಲಿ ಒಂದು ಪಾಲೂ ಉಳಿಯುತ್ತಿರಲಿಲ್ಲ. ಹಳೆಯ ಮನೆಯೊಂದರಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ತಾಳೆಗರಿಯ ಗ್ರಂಥವನ್ನು ನಡುವೆ ಕತ್ತರಿಸಿ ಹಂಚಿಕೊಂಡರೆ ಅದು ಇಬ್ಬರಿಗೂ ಪ್ರಯೋಜನಕ್ಕೆ ಬಾರದು. ಮೊದಲು ಇಡೀ ಗ್ರಂಥದ ಪ್ರತಿ ಮಾಡಿ, ಪಾಲಾಗುವ ದಿನದವರೆಗೆ ಎರಡನ್ನೂ ಒಂದೇ ದಾರದಲ್ಲಿ ಕಟ್ಟಿಟ್ಟು, ಆಮೇಲೆ ಮನೆಗೊಂದರಂತೆ ಕೊಡಬೇಕು. ಕೋಶ ಮಾಡುವುದು ಇದನ್ನೇ. ದಾರದ ಕೆಲಸವನ್ನು ಅಲ್ಲಿ ಕೊಹೆಸಿನ್ ಎಂಬ ಪ್ರೋಟೀನು ಮಾಡುತ್ತದೆ. ಈ ಹೋಲಿಕೆಯನ್ನು ನೀವು ಬಳಸುವುದಾದರೆ ಅದರ ಮಿತಿಯನ್ನೂ ಒಂದು ವಾಕ್ಯದಲ್ಲಿ ಹೇಳಬೇಕಾಗುತ್ತದೆ: ಡಿಎನ್‌ಎಯಲ್ಲಿ ಮೂಲ ಒಂದು ಕಡೆ, ನಕಲು ಇನ್ನೊಂದು ಕಡೆ ಎಂಬ ಭೇದವಿಲ್ಲ. ಎರಡು ಪ್ರತಿಗಳಲ್ಲಿಯೂ ಒಂದು ಹಳೆಯ ಎಳೆ, ಒಂದು ಹೊಸ ಎಳೆ ಇರುತ್ತವೆ ಎಂಬುದನ್ನು ಮೆಸೆಲ್ಸನ್ ಮತ್ತು ಸ್ಟಾಲ್ ಎಂಬ ವಿಜ್ಞಾನಿಗಳು 1958ರಲ್ಲಿ ತೋರಿಸಿದರು.

ತೆಂಗಿನಕಾಯಿಯ ಹೋಲಿಕೆಯಿಂದಲೇ ಎರಡನೆಯ ತಪ್ಪು ಹುಟ್ಟಿದೆ ಎಂದು ನನಗೆ ತೋರುತ್ತದೆ. ‘ಮನುಷ್ಯನ ಕೋಶದ 46 ವರ್ಣತಂತುಗಳು ನಕಲಾಗಿ 92 ಆಗುತ್ತವೆ, ಆಮೇಲೆ ಮೆಟಾಫೇಸಿನಲ್ಲಿ ಸಾಲಾಗಿ ನಿಲ್ಲುತ್ತವೆ’ ಎಂದು ಬರೆದಿದ್ದೀರಿ. ಡಿಎನ್‌ಎಯನ್ನು ಹೊತ್ತ ದಾರದಂತಹ ರಚನೆಗಳೇ ವರ್ಣತಂತುಗಳು; ಅವು ಕೋಶದ ನಡುವೆ ಸಾಲಾಗಿ ನಿಲ್ಲುವ ಹಂತ ಮೆಟಾಫೇಸ್. ನಕಲಾದ ಮೇಲೂ ವರ್ಣತಂತುಗಳ ಲೆಕ್ಕ 46ರಲ್ಲಿಯೇ ಇರುತ್ತದೆ. ಪ್ರತಿಯೊಂದರಲ್ಲಿಯೂ ಒಂದಕ್ಕೊಂದು ಅಂಟಿಕೊಂಡ ಎರಡು ಪ್ರತಿಗಳು, ಅಂದರೆ ಎರಡು ಕ್ರೊಮ್ಯಾಟಿಡ್‌ಗಳು ಇರುತ್ತವೆ, ಅಷ್ಟೇ. ಅಂಟು ಬಿಟ್ಟು ಅವು ಬೇರೆಯಾಗುವ ಅನಾಫೇಸಿನಲ್ಲಿ ಮಾತ್ರ, ಒಂದೇ ಕೋಶದೊಳಗೆ ಸ್ವಲ್ಪ ಹೊತ್ತು, 92 ಎಂದು ಎಣಿಸಬಹುದು. ಪಿಯುಸಿ ವಿದ್ಯಾರ್ಥಿಗಳು ಜಾರಿಬೀಳುವ ಜಾಗವೇ ಇದು. ನಮ್ಮ ಓದುಗರಲ್ಲಿ ಅವರು ಬಹಳ ಮಂದಿ ಇದ್ದಾರೆ. 46 ಎಂಬ ಸಂಖ್ಯೆಗೂ ಒಂದು ಕಥೆಯಿದೆ, ಅದನ್ನು ನೀವು ಮುಟ್ಟಿಲ್ಲ. ಮೂರು ದಶಕಗಳಷ್ಟು ಕಾಲ ವಿಜ್ಞಾನಿಗಳು ಅದನ್ನು 48 ಎಂದೇ ನಂಬಿದ್ದರು. ಸ್ವೀಡನ್ನಿನ ಲುಂಡ್ ನಗರದಲ್ಲಿ ಟ್ಜಿಯೊ ಮತ್ತು ಲೆವಾನ್ ಎಂಬವರು ಕೊಲ್ಚಿಸಿನ್ ಎಂಬ ಸಸ್ಯಜನ್ಯ ರಾಸಾಯನಿಕವನ್ನು ಬಳಸಿ ಕೋಶಗಳನ್ನು ವಿಭಜನೆಯ ನಡುವೆಯೇ ತಡೆದು ನಿಲ್ಲಿಸಿ, ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿದ ಸ್ಲೈಡುಗಳಲ್ಲಿ ಎಣಿಸಿ, 1956ರಲ್ಲಿ 46 ಎಂದು ಪ್ರಕಟಿಸಿದರು. ನಮ್ಮ ಬೇಲಿಗಳಲ್ಲಿ ಮಳೆಗಾಲಕ್ಕೆ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿಯೂ ಇದೇ ಕೊಲ್ಚಿಸಿನ್ ಇದೆ.

ನನಗೆ ನಿಜವಾಗಿ ಇಷ್ಟವಾದ ಭಾಗವೆಂದರೆ, ಉಡುಪಿಯ ಕೃಷ್ಣ ಮಠದ ಪೂಜೆಯ ಹೊಣೆ ಎಂಟು ಮಠಗಳ ನಡುವೆ ಸರದಿಯಂತೆ ಕೈಬದಲಾಗುವ ಪರ್ಯಾಯದ ಹೋಲಿಕೆ. ಅದನ್ನೇ ನೀವು ಒಂದೂವರೆ ಸಾಲಿನಲ್ಲಿ ಮುಗಿಸಿದ್ದೀರಿ. ಅಷ್ಟಮಠಗಳ ಸರದಿಯಂತೆ ಕೋಶಚಕ್ರವೂ, ಅಂದರೆ ಒಂದು ವಿಭಜನೆಯಿಂದ ಮುಂದಿನದರವರೆಗಿನ ಸುತ್ತೂ, ತಿರುಗುತ್ತದೆ ಎಂದಷ್ಟೇ ಹೇಳಿದರೆ ಸಾಲದು. ಎರಡು ವರ್ಷಗಳಿಗೊಮ್ಮೆ ಜನವರಿ 18ರ ನಸುಕಿನಲ್ಲಿ ನಡೆಯುವ ಮೆರವಣಿಗೆ, ಸರ್ವಜ್ಞ ಪೀಠಾರೋಹಣ ಕೆಲವೇ ಗಂಟೆಗಳ ಕಾರ್ಯ. ಅದಕ್ಕೂ ಬಹಳ ಮೊದಲು ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ಸಿದ್ಧತೆಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಇದನ್ನು ಹತ್ತಿರದಿಂದ ಕಂಡ ಊರಿನವರಾಗಿಯೂ ನೀವು ಎರಡು ವಿಭಜನೆಗಳ ನಡುವಿನ ಕಾಲವಾದ ಇಂಟರ್‌ಫೇಸನ್ನು ‘ಕೋಶದ ವಿಶ್ರಾಂತಿಯ ಕಾಲ’ ಎಂದು ಕರೆದಿದ್ದೀರಿ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯನ ಕೋಶಕ್ಕೆ ಒಂದು ಸುತ್ತು ಮುಗಿಸಲು ಹೆಚ್ಚುಕಡಿಮೆ 24 ಗಂಟೆ ಬೇಕಾದರೆ, ಮೈಟಾಸಿಸ್ ಎಂದು ನಾವು ಕರೆಯುವ, ವರ್ಣತಂತುಗಳು ಬೇರೆಯಾಗಿ ಹಂಚಿಹೋಗುವ ಭಾಗ ಅದರಲ್ಲಿ ಸುಮಾರು ಒಂದು ಗಂಟೆ ಮಾತ್ರ. ಉಳಿದದ್ದೆಲ್ಲ ಸಿದ್ಧತೆ: ಜಿ1 ಹಂತದಲ್ಲಿ ಬೆಳವಣಿಗೆ, ಎಸ್ ಹಂತದಲ್ಲಿ ಡಿಎನ್‌ಎಯ ನಕಲು, ಜಿ2 ಹಂತದಲ್ಲಿ ಪರಿಶೀಲನೆ ಮತ್ತು ರಿಪೇರಿ.

‘ವಿಶ್ರಾಂತಿ’ ಎಂಬ ಪದ ನಿಮ್ಮದಲ್ಲ, ಹಳೆಯ ಪಠ್ಯಗಳದ್ದು ಎಂಬುದನ್ನು ಬಲ್ಲೆ. ಅದಕ್ಕೆ ಐತಿಹಾಸಿಕ ಕಾರಣವೂ ಇದೆ. ಹಲ್ಲಿಯಂತೆ ಕಾಣುವ ಸಲಮಾಂಡರ್ ಎಂಬ ಉಭಯವಾಸಿಯ ಮರಿಗಳ ಕೋಶಗಳಿಗೆ ಬಣ್ಣ ಹಾಕಿ ನೋಡಿ, 1882ರಲ್ಲಿ ಮೈಟಾಸಿಸ್ ಎಂಬ ಹೆಸರು ಕೊಟ್ಟ ವಾಲ್ಟರ್ ಫ್ಲೆಮಿಂಗ್ ಅವರಿಗೆ ಕಂಡದ್ದು ದಾರದಂತಹ ವರ್ಣತಂತುಗಳ ಚಲನೆ. ಗ್ರೀಕಿನ ಮಿಟೋಸ್ ಎಂದರೆ ದಾರವೇ. ಚಲನೆ ಕಾಣದಿದ್ದಾಗ ಕೋಶ ಸುಮ್ಮನಿದೆ ಎಂದು ಎಲ್ಲರೂ ಭಾವಿಸಿದರು. ಬ್ರಾಡ್ ಬೀನ್ ಎಂಬ ಕಾಳಿನ ಗಿಡದ ಬೇರಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ, ಡಿಎನ್‌ಎ ತಯಾರಾಗುವುದು ಎರಡು ವಿಭಜನೆಗಳ ನಡುವಿನ ಒಂದು ನಿರ್ದಿಷ್ಟ ಅವಧಿಯಲ್ಲಿ ಎಂದು ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ 1953ರಲ್ಲಿ ವಿವರಿಸುವವರೆಗೆ ಕೋಶಚಕ್ರ ಎಂಬ ಕಲ್ಪನೆಗೆ ಈಗಿನ ರೂಪ ಬಂದಿರಲಿಲ್ಲ. ಹಾಗಾಗಿ ‘ಫ್ಲೆಮಿಂಗ್ ಕೋಶಚಕ್ರವನ್ನು ಕಂಡುಹಿಡಿದರು’ ಎಂಬ ನಿಮ್ಮ ವಾಕ್ಯವನ್ನು ಹೊಡೆದುಹಾಕಿದ್ದೇನೆ.

ಪರ್ಯಾಯದ ಹೋಲಿಕೆ ಎಲ್ಲಿ ಸೋಲುತ್ತದೆ ಎಂಬುದೂ ಒಳ್ಳೆಯ ಬರಹಕ್ಕೆ ವಸ್ತುವಾದೀತು. ಪರ್ಯಾಯಕ್ಕೆ ತಾರೀಖು ಮೊದಲೇ ಗೊತ್ತಿರುತ್ತದೆ. ಕೋಶಕ್ಕೆ ತಾರೀಖು ಇಲ್ಲ. ಹಿಂದಿನ ಕೆಲಸ ಮುಗಿದಿದೆಯೇ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಅದು ಮುಂದಿನ ಹಂತಕ್ಕೆ ಕಾಲಿಡುತ್ತದೆ. ಈ ನಿಯಂತ್ರಣದ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲದಿರುವುದು ನನ್ನ ದೊಡ್ಡ ದೂರು. ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ ಹಾರ್ಟ್‌ವೆಲ್, ಇನ್ನೊಂದು ಬಗೆಯ ಯೀಸ್ಟಿನಲ್ಲಿ ನರ್ಸ್, ಅರ್ಚಿನ್ ಎಂಬ ಮುಳ್ಳುಚೆಂಡಿನಂತಹ ಕಡಲ ಪ್ರಾಣಿಯ ಮೊಟ್ಟೆಗಳಲ್ಲಿ ಹಂಟ್ ಮಾಡಿದ ಕೆಲಸಕ್ಕೆ 2001ರ ನೊಬೆಲ್ ಬಂತು. ಪ್ರತಿ ವಿಭಜನೆಗೂ ಮೊದಲು ಏರಿ, ವಿಭಜನೆಯ ಹೊತ್ತಿಗೆ ಥಟ್ಟನೆ ಇಳಿಯುವ ಸೈಕ್ಲಿನ್ ಎಂಬ ಪ್ರೋಟೀನನ್ನು ಹಂಟ್ ಗುರುತಿಸಿದ್ದು 1982ರಲ್ಲಿ. ಈ ಮೂವರ ಕೆಲಸಕ್ಕೆ ಒಂದು ಪೂರ್ಣ ಪುಟ ಕೊಡಿ.

ಮೈಟಾಸಿಸಿನ ನಾಲ್ಕು ಹಂತಗಳನ್ನು ನೀವು ಹಂತಕ್ಕೊಂದು ಪ್ಯಾರಾದಂತೆ ಸಮನಾಗಿ ಹಂಚಿದ್ದೀರಿ. ಮೊದಲ ಮತ್ತು ಕೊನೆಯ ಹಂತಗಳಾದ ಪ್ರೋಫೇಸ್, ಟೀಲೋಫೇಸ್‌ಗಳನ್ನು ಎರಡೆರಡು ವಾಕ್ಯಗಳಲ್ಲಿ ದಾಟಿಸಬಹುದು. ನೀವು ನಿಲ್ಲಬೇಕಾದದ್ದು ಮೆಟಾಫೇಸ್ ಮತ್ತು ಅನಾಫೇಸ್‌ಗಳ ನಡುವಿನ ಆ ಕಾಯುವಿಕೆಯಲ್ಲಿ. 46ರಲ್ಲಿ 45 ವರ್ಣತಂತುಗಳು ಕೋಶದ ಎರಡೂ ಧ್ರುವಗಳಿಂದ, ಅಂದರೆ ಎರಡೂ ತುದಿಗಳಿಂದ, ಬರುವ ಎಳೆಗಳಿಗೆ ಸರಿಯಾಗಿ ಕಟ್ಟಿಕೊಂಡು ನಡುವೆ ಬಂದು ನಿಂತಿದ್ದರೂ, ಉಳಿದ ಒಂದಕ್ಕೆ ಎಳೆ ಸಿಗದಿದ್ದರೆ, ಆ ಒಂದರಿಂದ ಹೊರಡುವ ಸಂಕೇತವೇ ಸಾಮಾನ್ಯವಾಗಿ ಇಡೀ ಕೋಶವನ್ನು ತಡೆದು ಹಿಡಿಯುತ್ತದೆ. ಅದೂ ಕಟ್ಟಿಕೊಂಡ ಮೇಲೆಯೇ ಸೆಪರೇಸ್ ಎಂಬ ಕಿಣ್ವ ಬಿಡುಗಡೆಗೊಂಡು ಕೊಹೆಸಿನ್ನಿನ ದಾರವನ್ನು ಕತ್ತರಿಸುತ್ತದೆ, ಮತ್ತು ಜೋಡಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬೇರ್ಪಡುತ್ತವೆ. ಕತ್ತರಿಸಿದ ದಾರವನ್ನು ಮತ್ತೆ ಕಟ್ಟಲಾಗದು; ಆದುದರಿಂದಲೇ ಇಷ್ಟು ಎಚ್ಚರ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನಿಮ್ಮ ಓದುಗರಿಗೂ ಆ ಅನುಭವ ಸಿಗಬೇಕು ಎಂಬುದು ನನ್ನ ಆಸೆ.

ಪದಗಳ ಬಗ್ಗೆ ಒಂದು ಮಾತು. ವರ್ಣತಂತುಗಳನ್ನು ಎಳೆಯುವ ಆ ಎಳೆಗಳ ಕಟ್ಟಿಗೆ ಪಠ್ಯಪುಸ್ತಕ ಕೊಡುವ ‘ಕದಿರು’ ಎಂಬ ಪದವನ್ನು ವಿವರಣೆಯಿಲ್ಲದೆ ಬಳಸಿದ್ದೀರಿ. ನೂಲುವ ಕದಿರಿನ ಆಕಾರವನ್ನು ಕಂಡು ಇಟ್ಟ ಹೆಸರು ಅದು, ಪದ ಚೆನ್ನಾಗಿಯೇ ಇದೆ. ಆದರೆ ನಮ್ಮ ಜಿಲ್ಲೆಗಳಲ್ಲಿ ಕದಿರು ಎಂದರೆ ಮೊದಲು ನೆನಪಾಗುವುದು ಮನೆಯ ಬಾಗಿಲಿಗೆ, ಕಣಜಕ್ಕೆ ಕಟ್ಟುವ ಭತ್ತದ ತೆನೆ. ‘ನೂಲುವ ಕದಿರಿನಂತೆ ನಡುವೆ ಉಬ್ಬಿ ಎರಡೂ ತುದಿಗಳಲ್ಲಿ ಚೂಪಾದ’ ಎಂಬಷ್ಟು ಸೇರಿಸಿದರೆ ಗೊಂದಲವಾಗದು.

ಕ್ಯಾನ್ಸರಿನ ಬಗ್ಗೆ ನೀವು ಬರೆದ ಕೊನೆಯ ಭಾಗವನ್ನು ಓದುವಾಗ ನನಗೆ ಆತಂಕವಾಯಿತು. ಮಂಗಳೂರಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಮನೆಯವರು ನಮ್ಮ ಪತ್ರಿಕೆಯನ್ನು ಓದುತ್ತಾರೆ. ‘ಕ್ಯಾನ್ಸರ್ ಎಂದರೆ ಅತಿವೇಗದ ವಿಭಜನೆ’ ಎಂಬುದು ಸರಿಯಲ್ಲ. ನಮ್ಮ ಕರುಳಿನ ಒಳಪದರದ ಆರೋಗ್ಯವಂತ ಕೋಶಗಳು ಅನೇಕ ಗಡ್ಡೆಗಳ ಕೋಶಗಳಿಗಿಂತ ವೇಗವಾಗಿ ವಿಭಜಿಸುತ್ತವೆ. ಕ್ಯಾನ್ಸರಿನಲ್ಲಿ ಕೆಡುವುದು ನಿಲ್ಲು ಎಂಬ ಸಂಕೇತಕ್ಕೆ ನಿಲ್ಲುವ ಗುಣ. ನಿತ್ಯಪುಷ್ಪದಿಂದ ಬರುವ ವಿನ್‌ಕ್ರಿಸ್ಟಿನ್ ಔಷಧಿಯನ್ನು ನೀವು ಹೆಸರಿಸಿದ್ದು ಸರಿಯಾಗಿದೆ. ಅದು ಕದಿರಿನ ಎಳೆಗಳು ರೂಪುಗೊಳ್ಳದಂತೆ ಮಾಡಿ ಕೋಶವನ್ನು ಆ ಕಾಯುವ ಗಳಿಗೆಯಲ್ಲಿಯೇ ಸಿಕ್ಕಿಸಿಹಾಕುತ್ತದೆ ಎಂದು ವಿವರಿಸಿದರೆ ಲೇಖನದ ನಡುಭಾಗಕ್ಕೂ ಇದಕ್ಕೂ ನಂಟು ಬೆಳೆಯುತ್ತದೆ. ಆದರೆ ‘ನಮ್ಮ ಅಂಗಳದಲ್ಲಿಯೇ ಮದ್ದು ಇದೆ’ ಎಂಬ ವಾಕ್ಯವನ್ನು ನಾನು ಖಂಡಿತ ಬಿಡುವುದಿಲ್ಲ. ಆ ಗಿಡದ ಎಲೆ ವಿಷ. ಅದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಅಂಶವನ್ನು ಶುದ್ಧೀಕರಿಸಿ, ಅಳೆದು, ವೈದ್ಯರ ಕಣ್ಣೆದುರಿಗೇ ಕೊಡಬೇಕಾದ ಔಷಧಿ ಅದು. ನಿಮ್ಮ ಆ ಒಂದು ವಾಕ್ಯವನ್ನು ನಂಬಿ ಯಾರಾದರೂ ಎಲೆಯ ಕಷಾಯ ಕುದಿಸಿದರೆ ಹೊಣೆ ನಿಮ್ಮದೂ ಹೌದು, ನನ್ನದೂ ಹೌದು.

ತಿದ್ದಿ ಬರೆಯುವ ಮೊದಲು ಒಂದು ಕೆಲಸ ಮಾಡಿ. ಒಂದು ನೀರುಳ್ಳಿಯ ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸಿ, ಮೂರು ನಾಲ್ಕು ದಿನಗಳಲ್ಲಿ ಬರುವ ಎಳೆಯ ಬೇರುಗಳನ್ನು ಹತ್ತಿರದ ಕಾಲೇಜಿನ ಪ್ರಯೋಗಶಾಲೆಗೆ ಒಯ್ಯಿರಿ. ಅಲ್ಲಿನ ಉಪನ್ಯಾಸಕರ ನೆರವಿನಿಂದ ಬೇರಿನ ತುದಿಗೆ ಅಸಿಟೋಕಾರ್ಮಿನ್ ಬಣ್ಣ ಹಾಕಿ, ಜಜ್ಜಿ, ಸೂಕ್ಷ್ಮದರ್ಶಕದಡಿ ನೋಡಿ ಮುನ್ನೂರು ಕೋಶಗಳನ್ನಾದರೂ ಎಣಿಸಿ, ಯಾವ ಹಂತದಲ್ಲಿ ಎಷ್ಟು ಎಂದು ಬರೆದುಕೊಳ್ಳಿ. ಹೆಚ್ಚಿನ ಕೋಶಗಳು ಇಂಟರ್‌ಫೇಸಿನಲ್ಲಿ ಇರುತ್ತವೆ, ಅನಾಫೇಸ್ ಸಿಗಬೇಕಾದರೆ ಹುಡುಕಬೇಕಾಗುತ್ತದೆ. ಯಾವ ಹಂತ ದೀರ್ಘ, ಯಾವುದು ಅಲ್ಪಕಾಲದ್ದು ಎಂಬುದನ್ನು ಆ ಎಣಿಕೆಯೇ ನಿಮಗೆ ಹೇಳುತ್ತದೆ. ನೀರುಳ್ಳಿಯ ಕೋಶದಲ್ಲಿ ವರ್ಣತಂತುಗಳು 16 ಮಾತ್ರ, ಅವೂ ದೊಡ್ಡವು; ಆದುದರಿಂದ ಕಣ್ಣಿಗೆ ಕಷ್ಟವಾಗದು.

ಎಣಿಕೆಯ ಕೋಷ್ಟಕವನ್ನೂ, ಕಂಡದ್ದನ್ನು ನೀವೇ ಕೈಯಿಂದ ಬರೆದ ಚಿತ್ರಗಳನ್ನೂ ಲೇಖನದ ಜೊತೆಗೆ ಇಡಿ. ಜಾಲತಾಣದಿಂದ ತೆಗೆದ ಬಣ್ಣದ ಚಿತ್ರಗಳು ಬೇಡ. ನಿಮ್ಮ ಹಸ್ತಪ್ರತಿಯನ್ನು ನನ್ನ ಪೆನ್ಸಿಲ್ ಗುರುತುಗಳ ಸಮೇತ ಇದರೊಂದಿಗೆ ಹಿಂದೆ ಕಳುಹಿಸುತ್ತಿದ್ದೇನೆ. ಹೊಸ ಪ್ರತಿ ಬಂದ ದಿನವೇ ಓದುತ್ತೇನೆ.

ಇತಿ,
ಸಂಪಾದಕ
ಮಂಗಳೂರು